ಮನೆ ಹಿಂದಿನ ಧರೆ ಬಿರುಕು ಬಿಟ್ಟಿದೆ, ತಡೆಗೋಡೆ ಕಟ್ಟಿಸಿದ್ರೆ ಸಾಕಾ?

ಹೊಸಮನೆ_ಮಾಣಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ನಾನಿರೋದು ಬೆಂಗಳೂರಲ್ಲಿ, ಊರಲ್ಲಿ ಅಪ್ಪಯ್ಯ ಅಮ್ಮ ಇಬ್ಬರೇ. 2022ರಲ್ಲಿ ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಜಾಗ ಸಾಲದು ಅಂತ ಹಿಂದಿನ ಗುಡ್ಡವನ್ನು ಜೆಸಿಬಿಯಲ್ಲಿ ಹದಿನೈದು ಅಡಿ ಒಳಗೆ ತೆಗೆಸಿದ್ದೆವು. ಈಗ ಅಡುಗೆಮನೆ ಹಿಂದೆ 12 ಅಡಿ ಎತ್ತರದ ಧರೆ ನೆಟ್ಟಗೆ ಗೋಡೆ ಥರ ನಿಂತಿದೆ. ಅದಕ್ಕೂ ಮನೆಗೂ ನಡುವೆ ಐದಡಿ ಓಣಿ, ಅಲ್ಲೇ ಬಟ್ಟೆ ಒಗೆಯೋ ಕಲ್ಲು.

ಮೊನ್ನೆ ಅಪ್ಪಯ್ಯ ದನ ಹುಡುಕ್ತಾ ಮೇಲಿನ ಬ್ಯಾಣಕ್ಕೆ (ದನ ಮೇಯೋ ಗುಡ್ಡದ ಜಾಗ) ಹೋದಾಗ ನೆಲದಲ್ಲಿ ಬಿರುಕು ಕಂಡಿದ್ದಾರೆ. ಧರೆ ಅಂಚಿನಿಂದ ಇಪ್ಪತ್ತಡಿ ಮೇಲೆ. ಎರಡು ಬೆರಳು ಅಗಲ. ಕೋಲು ಇಳಿಸಿದರೆ ಮೊಣಕೈ ಉದ್ದ ಒಳಗೆ ಹೋಯ್ತಂತೆ. ನೇರ ಇಲ್ಲ, ಕತ್ತಿ ಹಾಗೆ ಬಾಗಿದೆ, ಎರಡೂ ತುದಿ ಮನೆ ಕಡೆಗೆ ತಿರುಗಿವೆ. ಮನೆ ಕಟ್ಟಿದ ಕಂಟ್ರಾಕ್ಟರ್ ಬಂದು ನೋಡಿ, 10 ಅಡಿ ಸೈಜುಗಲ್ಲಿನ ತಡೆಗೋಡೆ ಏರಿಸಿದ್ರೆ ಮುಗೀತು, ಆರು ಲಕ್ಷ ಆಗುತ್ತೆ, ಮಳೆ ಬಿಡುವು ಕೊಟ್ಟ ವಾರದಲ್ಲೇ ಪಾಯ ತೆಗೀತೀನಿ ಅಂದಿದ್ದಾರೆ. ಕಟ್ಟಿಸಲಾ? ಆರು ಲಕ್ಷ ಜಾಸ್ತಿ ಆಯ್ತಾ?

ಕಾಫಿಕಣ

ಆರು ಲಕ್ಷದ ಮಾತು ಆಮೇಲೆ. ಇವತ್ತು ರಾತ್ರಿ ಅಪ್ಪ ಅಮ್ಮ ಎಲ್ಲಿ ಮಲಗ್ತಾರೆ? ಹಿಂದಿನ ಕೋಣೆಯಲ್ಲಿ ಆದರೆ ಈಗಲೇ ಫೋನ್ ಮಾಡಿ ಬೇರೆ ಕಡೆ ಕಳಿಸಿ. ನಾನು ಮಡಿಕೇರಿ ಹತ್ತಿರದವನು. ಬಾಗಿದ ಬಿರುಕು ಅಂದರೆ ಏನು ಅಂತ 2018ರಲ್ಲಿ ನೋಡಿದ್ದೇನೆ.

ಸುಮ್ನೆ_ಹೇಳ್ದೆ

ಮಲೆನಾಡಲ್ಲಿ ಮಳೆಗಾಲಕ್ಕೆ ಧರೆ ಜರಿಯೋದು ಹೊಸದಾ? ನಮ್ಮಜ್ಜನ ಕಾಲದಿಂದ ಜರೀತಿದೆ. ಒಂದು ಗಾಡಿ ಮಣ್ಣು ಬೀಳುತ್ತೆ, ಆಳು ಕರೆದು ತೆಗೆಸ್ತೇವೆ. ಟಿವಿ ನೋಡಿ ನೋಡಿ ಎಲ್ಲರಿಗೂ ಹೆದರಿಕೆ.

ರಸಮಟ್ಟ

ಸಿವಿಲ್ ಕೆಲಸದಲ್ಲಿ 19 ವರ್ಷ ಇದ್ದವನು, ಹೆಚ್ಚಿನದು ಘಾಟಿ ರಸ್ತೆಗಳು. ನೋಡದೆ ಖಚಿತ ಹೇಳಕ್ಕಾಗಲ್ಲ. ಆದರೂ ಎರಡು ಮಾತು.

ಧರೆಯ ಮುಖದಿಂದ ಮಣ್ಣು ಉದುರೋದು ಬೇರೆ, ಇಪ್ಪತ್ತಡಿ ಮೇಲೆ ಬಿರುಕು ಬಿಡೋದು ಬೇರೆ. ಮೊದಲನೆಯದು ಚರ್ಮ ಸುಲಿದ ಹಾಗೆ. ಎರಡನೆಯದರಲ್ಲಿ ಆ ಬಿರುಕಿನಿಂದ ಕೆಳಗಿರೋ ಅಷ್ಟೂ ಮಣ್ಣು ಒಂದೇ ತುಂಡಾಗಿ ಜಾಗ ಬಿಡಕ್ಕೆ ಶುರು ಮಾಡಿದೆ. ಗುಡ್ಡದ ಕಾಲು ಕಡಿದಿದ್ದೀರಿ. ಕೆಳಗಿಂದ ಒತ್ತಿ ಹಿಡಿದಿದ್ದ ಮಣ್ಣು ಈಗ ಇಲ್ಲ. 2022ರಿಂದ ಇಲ್ಲಿವರೆಗೆ ನಿಂತಿದ್ದು ಒಣಗಿದ ಮಣ್ಣಿನ ಬಿಗಿಯಿಂದ.

ಎರಡನೇದು, ಈ ಮಳೆಯಲ್ಲಿ ಗೋಡೆಗೆ ಪಾಯ ತೆಗೀಬೇಡಿ. ದಯವಿಟ್ಟು. ಪಾಯ ಅಂದರೆ ಧರೆಯ ಬುಡವನ್ನೇ ಇನ್ನೂ ಮೂರಡಿ ಅಗೆಯೋದು. ಕೆಲಸದವರು ಆ ಐದಡಿ ಓಣಿಯಲ್ಲಿ ಗುಂಡಿ ಒಳಗೆ ನಿಂತಿರ್ತಾರೆ, ತಲೆ ಮೇಲೆ ಒದ್ದೆ ಗುಡ್ಡ.

ಗಂಗಾವಳಿ_ದಡ

ರಸಮಟ್ಟ ಸರ್ ಹೇಳಿದ್ದು ನೂರಕ್ಕೆ ನೂರು. @ಸುಮ್ನೆ_ಹೇಳ್ದೆ, ನಾನು ಅಂಕೋಲಾ ಕಡೆಯವಳು. ಶಿರೂರಿನ ಗುಡ್ಡವೂ ಅಜ್ಜನ ಕಾಲದಿಂದ ಇತ್ತು. ಹೆದ್ದಾರಿ 66 ಅಗಲ ಮಾಡುವಾಗ ಅದರ ಬುಡ ಕಡಿದರು. 2024ರ ಜುಲೈ 16, ಬೆಳಿಗ್ಗೆ. ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ಲಾರಿ ಟ್ಯಾಂಕರು ಎಲ್ಲ ನದಿಗೆ ಹೋದವು. ಕೇರಳದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. 71 ದಿನ.

ಜನಕ್ಕೆ ಮರೆತೇ ಹೋಗಿರೋದು ಆಚೆ ದಡದ ಉಳುವರೆ. ಅವರ ಊರಿಗೂ ಆ ಗುಡ್ಡಕ್ಕೂ ನಡುವೆ ಇಡೀ ಗಂಗಾವಳಿ ಇದೆ. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ಮನೆಗಳಿಗೆ ಅಪ್ಪಳಿಸಿತು. ಮನೆಗಳು ನೆಲಸಮ, ಜೀವವೂ ಹೋಯಿತು. ಗುಡ್ಡದ ಹತ್ತಿರ ಮನೆ ಇಲ್ಲ, ನಮಗೇನು ಅಂತ ಕೂತವರಿಗೆ ಹೇಳೋ ಕಥೆ ಇದು.

ಸುಮ್ನೆ_ಹೇಳ್ದೆ

ಅಕ್ಕಾ, ಅದು ಹೆದ್ದಾರಿ, ನೂರಾರು ಅಡಿ ಗುಡ್ಡ. ಇವರದ್ದು 12 ಅಡಿ. ಹೋಲಿಕೆ ಸರಿ ಇಲ್ಲ.

ರಸಮಟ್ಟ

12 ಅಡಿ ಅಂತ ಹಗುರ ಮಾಡಬೇಡಿ. ಒಂದು ಘನ ಮೀಟರ್ ಒದ್ದೆ ಮಣ್ಣು ಎರಡು ಟನ್ ಹತ್ತಿರ ತೂಗುತ್ತೆ. ಬಿರುಕಿನಿಂದ ಧರೆವರೆಗೆ 20 ಅಡಿ, ಎತ್ತರ 12 ಅಡಿ, ಉದ್ದ ಒಂದು 30 ಅಡಿ ಅಂದ್ಕೊಳ್ಳಿ. ಅದರ ಅರ್ಧ ಜಾರಿದರೂ 200 ಟನ್. ಅಡುಗೆಮನೆ ಗೋಡೆ ಆರಿಂಚಿನ ಬ್ಲಾಕು.

ಮಘೆ_ಮಳೆ

ವಿಷಯಾಂತರ: ಧರೆ ಅಂತ ನಿಮ್ಮಲ್ಲೂ ಹೇಳ್ತೀರಾ? ಕೊಡಗಲ್ಲಿ ಬರೆ. ಪೇಪರಲ್ಲೂ "ಬರೆ ಕುಸಿತ" ಅಂತಲೇ ಬರುತ್ತೆ. ಬೆಂಗಳೂರಿಗೆ ಬಂದ ಮೇಲೆ ಬರೆ ಅಂದರೆ ಕಾಯಿಸಿ ಎಳೆಯೋದು ಅಂದ್ಕೊಂಡು ನಕ್ಕರು.

ಕಾಫಿಕಣ

ಬರೆಯೇ. ಈಗ ಅದನ್ನು ಕೇಳಿದರೆ ನಗು ಬರಲ್ಲ.

2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿ, ಎಲ್ಲೆಲ್ಲೂ ಗುಡ್ಡ ಬಂತು. ನಮ್ಮ ತೋಟದಲ್ಲಿ ಒಂದೂಕಾಲು ಎಕರೆ ಹೋಯಿತು. ಹೋಯಿತು ಅಂದರೆ ಗಿಡ ಬಿದ್ದಿದ್ದಲ್ಲ. ಕಾಫಿ ಗಿಡ, ಕಾಳುಮೆಣಸು ಹಬ್ಬಿದ್ದ ಸಿಲ್ವರ್ ಓಕ್ ಎಲ್ಲ ನಿಂತ ಹಾಗೇ ಕೆಳಗೆ ಜಾರಿ, ಗದ್ದೆ ಹತ್ತಿರ ಬಂದು ಮಗುಚಿಕೊಂಡವು. ಹಿಂದಿನ ದಿನ ಏನಾಗಿತ್ತು ಗೊತ್ತಾ? ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಹಿಂದೆ ವರ್ಷವಿಡೀ ಹರಿಯೋ ಒರತೆ ಸಂಜೆ ನಿಂತುಹೋಯಿತು. ಅಷ್ಟು ಮಳೆಯಲ್ಲಿ! ನಮ್ಮ ಚಿಕ್ಕಪ್ಪ "ನೀರು ಎಲ್ಲಿಗೆ ಹೋಯ್ತು" ಅಂತ ಒಂದೇ ಮಾತು ಕೇಳಿ, ಎಲ್ಲರನ್ನೂ ಎಬ್ಬಿಸಿ ಶಾಲೆಗೆ ಕಳಿಸಿದರು. ಅವರಿಗೆ ಓದು ಏಳನೇ ಕ್ಲಾಸು.

@ಹೊಸಮನೆ_ಮಾಣಿ ಅಮ್ಮನ ಹತ್ತಿರ ಕೇಳಿ. ಹಿಂದಿನ ಬಾಗಿಲು ಈಚೆಗೆ ಬಿಗಿ ಆಗಿದೆಯಾ? ಓಣಿಯ ನೀರು ಕೆಂಪಾಗಿ ಬರ್ತಿದೆಯಾ? ಮೇಲಿನ ಮರ, ಕರೆಂಟ್ ಕಂಬ ವಾಲಿವೆಯಾ?

ಭೂಕಂಪ_2018

ಕೊಡಗಿನದು ಬರೀ ಮಳೆ ಅಲ್ಲ ಮಾರಾಯ್ರೆ. ಆ ಜುಲೈನಲ್ಲಿ ಭೂಮಿ ನಡುಗಿತ್ತು, ಅದನ್ನು ಯಾರೂ ಹೇಳಲ್ಲ. ಅದೇ ಕಾರಣ.

ರಸಮಟ್ಟ

ಜುಲೈ 9ರಂದು ನಡುಗಿದ್ದು ನಿಜ, ಸಣ್ಣ ಕಂಪನ. ಅಷ್ಟು ಸಣ್ಣದಕ್ಕೆ ಗುಡ್ಡಗಳು ಒಂದು ತಿಂಗಳು ಕಾದು ಸರಿಯಾಗಿ ಆಗಸ್ಟ್ ಮಧ್ಯದ ದೊಡ್ಡ ಮಳೆಯ ದಿನವೇ ಬೀಳಬೇಕಾ? ಜಿಯಾಲಜಿಕಲ್ ಸರ್ವೆಯವರು ನೋಡಿ ಹೇಳಿದ್ದು ಎರಡು ಕಾರಣ: ವಿಪರೀತ ಮಳೆ, ಮತ್ತೆ ಮನೆ ರಸ್ತೆಗೆಂದು ಇಳಿಜಾರು ಕಡಿದದ್ದು. ಕಂಪನದ ಮೇಲೆ ಹಾಕಿಬಿಟ್ಟರೆ ಎಲ್ಲರಿಗೂ ಆರಾಮ, ಯಾರ ತಪ್ಪೂ ಇಲ್ಲ.

ಬ್ಯಾಣದ_ಬದಿ

ನಾನು ಕಾಯ್ತಾ ಇದ್ದೆ, ಯಾರೂ ಅಕೇಶಿಯಾ ಹೆಸರೇ ಎತ್ತಲಿಲ್ಲ. ನಮ್ಮ ಕಡೆ ಗುಡ್ಡದ ತುಂಬ ಅಕೇಶಿಯಾ ನೆಟ್ಟು, ನಾಟಿ ಮರ ಹೋಗಿ, ಈಗ ಧರೆ ಕುಸೀತು ಅಂತ ಅಳೋದು. ಅದರ ಬೇರು ಮೇಲೆ ಮೇಲೆ. ಗಾಳಿಗೆ ಬುಡಸಮೇತ ಕಿತ್ತು ಬರುತ್ತೆ, ಬಿದ್ದ ಗುಂಡಿಯಲ್ಲಿ ನೀರು ನಿಲ್ಲುತ್ತೆ.

ಹೊಸಮನೆ_ಮಾಣಿ

ನಮ್ಮ ಬ್ಯಾಣದಲ್ಲಿ ಅಕೇಶಿಯಾ ಇಲ್ಲ. ಹಳೇ ಮತ್ತಿ ಮರ ಎರಡಿದ್ದವು, ಮನೆ ಕಟ್ಟುವಾಗ ಬಾಗಿಲಿಗೆ ಕಡಿದೆವು... ಈಗ ಹೇಳೋಕೆ ನಾಚಿಕೆ ಆಗ್ತಿದೆ.

ಅಮ್ಮನ ಹತ್ತಿರ ಕೇಳಿದೆ. ಹಿಂದಿನ ಬಾಗಿಲು 15 ದಿನದಿಂದ ಹೊಸಿಲಿಗೆ ಉಜ್ಜುತ್ತಂತೆ. ಮಳೆಗೆ ಮರ ಉಬ್ಬಿದೆ ಅಂತ ಅಪ್ಪಯ್ಯ ಉಜ್ಜುಗೊರಡು ಹಾಕಿ ಕೆರೆದಿದ್ದಾರೆ. ನನಗೆ ಹೇಳೇ ಇಲ್ಲ.

ಕಾಫಿಕಣ

ಆ ಬಾಗಿಲು ಮತ್ತಿ ಮರದ್ದೇನಾ?

ಹೊಸಮನೆ_ಮಾಣಿ

ಹೌದು ಅಣ್ಣ.

ಶೇಡಿ_ಮಣ್ಣು

ಮರ ಉಬ್ಬಿದ್ದೂ ಇರಬಹುದು, ಆದರೆ ಬಿರುಕು, ಬಾಗಿಲು ಎರಡೂ ಒಂದೇ ತಿಂಗಳಲ್ಲಿ ಅಂದರೆ ನಾನಾದರೆ ಪಂಥ ಕಟ್ಟಲ್ಲ.

ನನ್ನ ಹೆಸರಿನ ಮಣ್ಣಿನ ಬಗ್ಗೆ ಒಂದು ಮಾತು. ಮಂಗಳೂರು, ಉಡುಪಿ ಕಡೆ ಮೇಲೆ ಕೆಂಪು ಮುರಕಲ್ಲು, ಕೆಳಗೆ ಗಟ್ಟಿ ಬಂಡೆ. ನಡುವೆ ಬಿಳಿ, ತಿಳಿಗುಲಾಬಿ, ಹಳದಿ ಬಣ್ಣದ ಮೆತ್ತನೆ ಮಣ್ಣು ಇರುತ್ತೆ, ಅದೇ ಶೇಡಿ. ಹಿಂದೆ ಗೋಡೆಗೆ ಬಳೀತಿದ್ದರು, ರಂಗೋಲಿಗೆ ಬಳಸ್ತಿದ್ದರು. ಬೇಸಿಗೆಯಲ್ಲಿ ಪಿಕಾಸಿ ಕೂಡ ಕಷ್ಟಪಡುತ್ತೆ. ಮಳೆಗಾಲದಲ್ಲಿ ಅದೇ ಮಣ್ಣು ಕೈಯಲ್ಲಿ ಹಿಡಿದರೆ ಬೆರಳ ಸಂದಿಯಲ್ಲಿ ಇಳಿದುಹೋಗುತ್ತೆ. ಮುರಕಲ್ಲು ತೂತು ತೂತು, ನೀರು ಸಲೀಸಾಗಿ ಇಳಿಯುತ್ತೆ. ಶೇಡಿ ಹತ್ತಿರ ಬಂದು ನಿಲ್ಲುತ್ತೆ. ಅಲ್ಲೇ ಜಾರೋದು. ಬೇಸಿಗೆಯಲ್ಲಿ ಸೈಟು ನೋಡಿ "ಎಂಥ ಗಟ್ಟಿ ಗುಡ್ಡ, ನೆಟ್ಟಗೆ ಕಡೀಬಹುದು" ಅನ್ನೋರು ಹಾಳಾಗೋದು ಇದರಿಂದಲೇ.

@ಹೊಸಮನೆ_ಮಾಣಿ ನಿಮ್ಮ ಧರೆಯಲ್ಲಿ ಮಣ್ಣಿನ ಬಣ್ಣ ಎಷ್ಟು ಎತ್ತರದಲ್ಲಿ ಬದಲಾಗುತ್ತೆ ನೋಡಿ. ಆ ಗೆರೆಯಲ್ಲಿ ನೀರು ಜಿನುಗ್ತಿದ್ದರೆ ಹುಷಾರು.

ಹೊಸಮನೆ_ಮಾಣಿ

ಅಪ್ಪಯ್ಯ ಫೋಟೋ ಕಳಿಸಿದ್ದಾರೆ. ಮೇಲಿನ ಕೆಂಪು ಮಣ್ಣು ನೆಲದಿಂದ ನಾಲ್ಕಡಿ ಎತ್ತರದಲ್ಲಿ ಮುಗಿದು, ಅದರ ಕೆಳಗೆ ಹಳದಿ ಶುರು. ಗೆರೆ ಉದ್ದಕ್ಕೂ ಒದ್ದೆ, ಪಾಚಿ.

ಶೇಡಿ_ಮಣ್ಣು

ಅಪ್ಪಯ್ಯನನ್ನು ಮೊದಲು ಆ ಓಣಿಯಿಂದ ಹೊರಗೆ ಕರೀರಿ. ಫೋಟೋ ಸಾಕು.

ಹೋಂಸ್ಟೇ_ಹುಡುಗ

ತಡೆಗೋಡೆ ಬಗ್ಗೆ ನನ್ನ ಅನುಭವ. ಹತ್ತು ಅಡಿ ಕಲ್ಲಿನ ಗೋಡೆ ಕಟ್ಟಿಸಿದ್ದೆ, ಚೆಂದಕ್ಕೆ ಮುಂದೆ ಟೈಲ್ಸ್. ನೀರು ಬಂದು ಟೈಲ್ಸ್ ಹಾಳಾಗುತ್ತೆ ಅಂತ ಪೈಪ್ ತೂತುಗಳಿಗೆಲ್ಲ ಸಿಮೆಂಟ್ ಮೆತ್ತಿಸಿದೆ. ಮೇಸ್ತ್ರಿ ಬೇಡ ಅಂದ, ನಾನೇ ಕೇಳಲಿಲ್ಲ. ಎರಡನೇ ಮಳೆಗಾಲದಲ್ಲಿ ಹೊಟ್ಟೆ ಬಂತು ಗೋಡೆಗೆ. ನಿಜವಾಗಿ ಹೊಟ್ಟೆ, ಬಸುರಿ ಥರ. ಮೂರನೇದರಲ್ಲಿ ಮಲಗಿತು. ಪುಣ್ಯಕ್ಕೆ ಗೆಸ್ಟ್ ಇರಲಿಲ್ಲ.

ರಸಮಟ್ಟ

ಒಪ್ಪಿಕೊಂಡು ಬರೆದಿದ್ದಕ್ಕೆ ಥ್ಯಾಂಕ್ಸ್. ಎಲ್ಲರೂ ಮಾಡೋ ತಪ್ಪೇ ಇದು.

ಲೆಕ್ಕ ನೋಡಿ. 3 ಮೀಟರ್ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಮಣ್ಣನ್ನು ಬಿಡಿ, ನೀರೊಂದೇ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ನಾಲ್ಕೂವರೆ ಟನ್ ಬಲದಲ್ಲಿ ತಳ್ಳುತ್ತೆ. ನೀವು ಕಟ್ಟಿದ್ದು ತಡೆಗೋಡೆ ಅಲ್ಲ, ಡ್ಯಾಮ್. ಗೋಡೆ ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿ ತುಂಬಬೇಕು, ಮಣ್ಣು ಅದರೊಳಗೆ ಬಂದು ಕಟ್ಟಿಕೊಳ್ಳದ ಹಾಗೆ ನೀರು ಸೋಸೋ ಬಟ್ಟೆ (ಜಿಯೋಟೆಕ್ಸ್‌ಟೈಲ್) ಹಾಸಬೇಕು, ಮೂರು ನಾಲ್ಕು ಅಡಿಗೊಂದು ಪೈಪ್ ಹೊರಕ್ಕೆ ಓರೆ ಮಾಡಿ ಇಡಬೇಕು. ಜೋರು ಮಳೆಯಲ್ಲಿ ಪೈಪಿಂದ ನೀರು ಬರಬೇಕು. ಬರದೆ ಒಣಗಿದ್ದರೆ ಚಿಂತೆ ಮಾಡಿ.

ಕಲ್ಲಿನ ಬಲೆ ಪೆಟ್ಟಿಗೆ ನೋಡಿರ್ತೀರಿ, ಗೇಬಿಯನ್ ಅಂತಾರೆ, ಘಾಟಿಯಲ್ಲಿ ಇಡ್ತಾರೆ. ನೋಡೋಕೆ ಒರಟು. ಆದರೆ ನೀರು ಅದರ ಮೂಲಕ ಆರಾಮಾಗಿ ಹೋಗುತ್ತೆ, ಸ್ವಲ್ಪ ನೆಲ ಅಲುಗಿದರೆ ಬಾಗುತ್ತೆ, ಒಡೆಯಲ್ಲ.

ಸುಮ್ನೆ_ಹೇಳ್ದೆ

ಸರಿ, ನಾನು ಸ್ವಲ್ಪ ದುಡುಕಿದೆ. ಆದರೆ ಒಂದು ಕೇಳ್ತೀನಿ. ಹಳಬರೂ ಗುಡ್ಡದಲ್ಲೇ ಮನೆ ಕಟ್ಟಿದರಲ್ಲ? ಅವರದ್ದು ಯಾಕೆ ಬೀಳಲಿಲ್ಲ?

ಬ್ಯಾಣದ_ಬದಿ

ಬಿದ್ದವು ಬಿದ್ದುಹೋದವು, ಉಳಿದವು ಮಾತ್ರ ನಮಗೆ ಕಾಣ್ತವೆ.

ಅದೂ ಅಲ್ಲದೆ ಅವರ ಹತ್ತಿರ ಗುದ್ದಲಿ ಇತ್ತು, ಹಿಟಾಚಿ ಇರಲಿಲ್ಲ. ಗುದ್ದಲಿಯಲ್ಲಿ ನಾಲ್ಕಡಿ ಕಡಿಯೋ ಹೊತ್ತಿಗೆ ಸಾಕಪ್ಪಾ ಅನ್ನಿಸುತ್ತೆ. ನಮ್ಮ ಹಳೇ ಮನೆ ನೋಡಿ: ಜಗಲಿ ಒಂದು ಮಟ್ಟ, ಮೂರು ಮೆಟ್ಟಿಲು ಹತ್ತಿದರೆ ನಡುಮನೆ, ಇನ್ನೆರಡು ಹತ್ತಿದರೆ ಅಡುಗೆಮನೆ. ಗುಡ್ಡ ಹೇಗಿತ್ತೋ ಮನೆ ಹಾಗೇ ಹತ್ತಿತು. ಈಗ ನಮಗೆ ಒಂದೇ ಮಟ್ಟದ ಹಾಲ್ ಬೇಕು, ಕಾರ್ ಹಿಂದೆ ಮುಂದೆ ತಿರುಗಿಸೋಕೆ ಜಾಗ ಬೇಕು. ಮನೆ ಹಿಂದೆ ಅಗಳ ತೋಡಿ ವರ್ಷಾ ವರ್ಷಾ ಮಳೆಗೆ ಮುಂಚೆ ಬಿಡಿಸ್ತಿದ್ದರು. ಈಗ ಅದಕ್ಕೆ ಆಳೇ ಇಲ್ಲ.

ಮಘೆ_ಮಳೆ

ವಯನಾಡಿನದು ಇದೇ ಥರದ್ದಾ? 2019ರಲ್ಲಿ ಚೂರಲ್‌ಮಲ ಹೋಯ್ತಲ್ಲ.

ಗಂಗಾವಳಿ_ದಡ

2019 ಪುತ್ತುಮಲ. ಚೂರಲ್‌ಮಲ, ಮುಂಡಕ್ಕೈ 2024ರ ಜುಲೈ 30, ಶಿರೂರಿನ ಎರಡೇ ವಾರಕ್ಕೆ. ಅದು ಬೇರೆ ಥರ. ಮೇಲೆಲ್ಲೋ ಕಾಡಲ್ಲಿ ಕಿತ್ತು, ಹಳ್ಳದ ಜಾಡು ಹಿಡಿದು, ಬಂಡೆ ಮರ ಸೇರಿಸಿಕೊಂಡು ಕಿಲೋಮೀಟರ್‌ಗಟ್ಟಲೆ ಕೆಳಗೆ ಬಂದಿದ್ದು. ಮಲಗಿದ್ದ ಜನ. ಅಲ್ಲಿ ಮನೆ ಹಿಂದೆ ಧರೆ ಇತ್ತೋ ಇಲ್ವೋ ಅನ್ನೋ ಪ್ರಶ್ನೆಯೇ ಬರಲ್ಲ, ಹಳ್ಳದ ಪಕ್ಕ ಇದ್ದಿದ್ದೇ ಸಾಕಾಯ್ತು.

ನೀರಿಂಗಿಸಿ

ಒಂದು ಸಲಹೆ. ಬ್ಯಾಣದಲ್ಲಿ ಸಾಲಾಗಿ ಇಂಗುಗುಂಡಿ ತೆಗೆಸಿ. ನೀರು ಮೇಲಿಂದ ಹರಿದು ಬರೋದೇ ತಪ್ಪುತ್ತೆ, ಬೇಸಿಗೆಗೆ ಬಾವಿಯಲ್ಲೂ ನೀರು.

ಕಾಫಿಕಣ

ಬೇಡ ಬೇಡ ಬೇಡ!

2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ಬೆಟ್ಟದ ಮೇಲೆ ತೋಡಿದ್ದ ಇಂಗುಗುಂಡಿಗಳದ್ದೇ ದೊಡ್ಡ ಚರ್ಚೆ ಆಗಿತ್ತು, ನೆನಪಿಲ್ವಾ?

ರಸಮಟ್ಟ

ಬಯಲುಸೀಮೆಗೆ ಇಂಗುಗುಂಡಿ ವರ. ಕಡಿದಾದ ಗುಡ್ಡಕ್ಕೆ, ಅದೂ ಬಿರುಕು ಬಿಟ್ಟ ಗುಡ್ಡಕ್ಕೆ, ಶಾಪ. ಒಂದು ಗುಂಟೆಗೆ 100 ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಸಾವಿರ ಲೀಟರ್. ಒಂದು ಟ್ಯಾಂಕರ್ ಲೋಡು. ಆಗುಂಬೆ, ಹೊಸನಗರ ಕಡೆ ಅಷ್ಟು ಮಳೆ ಒಂದೇ ದಿನಕ್ಕೆ ಬೀಳೋದು ವಿಶೇಷ ಏನಲ್ಲ. ಆ ನೀರನ್ನು ಗುಡ್ಡಕ್ಕೆ ಕುಡಿಸಬೇಕಾ, ಪಕ್ಕಕ್ಕೆ ಕಳಿಸಬೇಕಾ? ಒಳಗೆ ಹೋದ ನೀರು ಮಣ್ಣಿನ ಕಣಗಳನ್ನು ಒಂದರಿಂದ ಒಂದು ಬಿಡಿಸುತ್ತೆ. ತೂಕ ಜಾಸ್ತಿ, ಹಿಡಿತ ಕಮ್ಮಿ.

@ಹೊಸಮನೆ_ಮಾಣಿ ಈಗ ಮಾಡಬೇಕಾದ್ದು ಹೇಳ್ತೀನಿ, ಖರ್ಚು ಕೆಲವು ಸಾವಿರ ಅಷ್ಟೇ. ಬಿರುಕಿಗೆ ಜೇಡಿಮಣ್ಣು ತುಂಬಿ, ಕಾಲಲ್ಲಿ ಮೆಲ್ಲಗೆ ತುಳಿದು, ಮೇಲೆ ಟಾರ್ಪಾಲು ಹೊದಿಸಿ. ಬಿರುಕಿಗಿಂತ ಒಂದಷ್ಟು ಮೇಲೆ ಮರಳು ಚೀಲ ಓರೆಯಾಗಿ ಜೋಡಿಸಿ, ನೀರು ಮನೆಯ ಪಕ್ಕದ ಹಳ್ಳಕ್ಕೆ ತಿರುಗಲಿ. ಅಲ್ಲಿ ಕಾಲುವೆ ಅಗೆಯಬೇಡಿ. ತಳಕ್ಕೆ ಏನೂ ಹಾಸದ ಕಾಲುವೆಯೂ ಒಂದು ಇಂಗುಗುಂಡಿಯೇ. ಮಳೆ ಇಲ್ಲದ ಹಗಲು ಹೊತ್ತಲ್ಲಿ, ಇಬ್ಬರು ಹೋಗಿ, ಒಬ್ಬರು ನೋಡ್ತಾ ನಿಲ್ಲಬೇಕು.

ಮತ್ತೆ ಬಿರುಕಿನ ಆಚೆ ಈಚೆ ಒಂದೊಂದು ಗೂಟ ಹೊಡೆಸಿ. ದಿನಾ ಟೇಪ್ ಹಿಡಿದು ಅಳೆದು ಬರೆದಿಡಿ. ಯಾವ ಎಂಜಿನಿಯರ್ ಬಂದರೂ ಮೊದಲು ಕೇಳೋದು ಅದನ್ನೇ. ಗೋಡೆ, ಇಳಿಜಾರು ಮೆಟ್ಟಿಲು ಮಾಡೋದು ಎಲ್ಲ ಡಿಸೆಂಬರ್ ಮೇಲೆ. ಅಷ್ಟರಲ್ಲಿ ತಾಲೂಕು ಕಚೇರಿಗೆ ಅರ್ಜಿ ಕೊಟ್ಟು, ಜಿಯಾಲಜಿಸ್ಟ್ ಬಂದು ನೋಡೋ ಹಾಗೆ ಕೇಳಿ.

ಹಸಿರು_ನಾಲಿಗೆ

ಪಶ್ಚಿಮ ಘಟ್ಟ ಉಳಿಸೋದು ಹೇಗೆ ಅಂತ 2011ರಲ್ಲೇ ಗಾಡ್ಗೀಳ್ ಸಮಿತಿ ಹೇಳಿತ್ತು. ಕೇಳಿದ್ರಾ ಯಾರಾದ್ರೂ?

ಸುಮ್ನೆ_ಹೇಳ್ದೆ

ಬಂತು ನೋಡಿ. ಆ ವರದಿ ಜಾರಿ ಆದರೆ ನಮ್ಮ ಮನೆಗೆ ಹೆಂಚು ಬದಲಿಸೋಕೂ ಪರ್ಮಿಷನ್ ಕೇಳಬೇಕು. ರೆಸಾರ್ಟ್‌ನವನಿಗೆ ಒಂದು ದಿನದಲ್ಲಿ ಸಿಗುತ್ತೆ, ನಮಗೆ ಸಿಗಲ್ಲ.

ಹಸಿರು_ನಾಲಿಗೆ

ವರದಿ ಓದಿದ್ದೀರಾ? ಗ್ರಾಮಸಭೆಗೆ ಕೇಳಿ ತೀರ್ಮಾನ ಮಾಡಿ ಅಂತಲೇ ಅದರಲ್ಲಿ ಇರೋದು. ಹೆಂಚಿನ ಕಥೆ ಯಾರೋ ಹಬ್ಬಿಸಿದ್ದು.

ನಿರ್ವಾಹಕ

ಗಾಡ್ಗೀಳ್, ಕಸ್ತೂರಿರಂಗನ್ ಚರ್ಚೆಗೆ ಬೇರೆ ಎಳೆ ಇದೆ, 400 ಉತ್ತರ ಆಗಿದೆ, ಅಲ್ಲಿ ಹೋಗಿ ಜಗಳ ಆಡಿ. ಇಲ್ಲಿ ಇವರ ಧರೆ ಮಾತ್ರ.

ಹೊಸಮನೆ_ಮಾಣಿ

ಅಪ್‌ಡೇಟ್. ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಬಂದೆ. ಅಪ್ಪಯ್ಯ ಮನೆ ಬಿಡೋಕೆ ಸುತಾರಾಂ ಒಪ್ಪಲಿಲ್ಲ. "ನೀನು ಫೋನಲ್ಲಿ ಯಾರ್ಯಾರದ್ದೋ ಮಾತು ಕೇಳ್ಕೊಂಡು ಬಂದು ನನ್ನ ಮನೆಯಿಂದ ನನ್ನನ್ನೇ ಎಬ್ಬಿಸ್ತೀಯಾ?" ದೊಡ್ಡ ಜಗಳ. ದನ ಯಾರು ನೋಡ್ತಾರೆ, ಹಾಲು ಯಾರು ಕರೀತಾರೆ. ಕೊನೆಗೆ ಅಮ್ಮ ಏನೂ ಮಾತಾಡದೆ ಎರಡು ಸೀರೆ, ದೇವರ ಸಂಪುಟ ಚೀಲಕ್ಕೆ ಹಾಕ್ಕೊಂಡು ಚಿಕ್ಕಪ್ಪನ ಮನೆಗೆ ಹೊರಟರು. ಹಿಂದೆಯೇ ಇವರೂ ಹೋದರು. ಹಗಲು ಕೊಟ್ಟಿಗೆ ಕೆಲಸಕ್ಕೆ ಬರ್ತಾರೆ, ಕೊಟ್ಟಿಗೆ ಮುಂಭಾಗದಲ್ಲಿದೆ. ರಾತ್ರಿ ಚಿಕ್ಕಪ್ಪನ ಮನೆಯಲ್ಲೇ.

ಬಿರುಕು ಮುಚ್ಚಿ ಟಾರ್ಪಾಲು ಹೊದಿಸಿದೆವು, ಮರಳು ಚೀಲ 42 ಬೇಕಾಯ್ತು. ಗೂಟ ಹೊಡೆದಿದ್ದೇವೆ. ಮೊದಲ ದಿನ 61.0 ಸೆಂ.ಮೀ. ಎರಡನೇ ದಿನ 61.4. ಭಾನುವಾರ ಇಡೀ ರಾತ್ರಿ ಮಳೆ, ಸೋಮವಾರ 63.2.

ರಸಮಟ್ಟ

ಒಂದು ರಾತ್ರಿಗೆ ಎರಡು ಸೆಂಟಿಮೀಟರ್ ಹತ್ತಿರ. ಈ ಅಂಕಿಯನ್ನು ಅರ್ಜಿಯಲ್ಲಿ ಬರೀರಿ. ಓಣಿಗೆ ಯಾರೂ ಹೋಗಬೇಡಿ, ಒಗೆಯೋ ಕಲ್ಲು ಅಲ್ಲೇ ಇರಲಿ.

ಕಾಫಿಕಣ

ಅಮ್ಮನಿಗೆ ನನ್ನದೊಂದು ನಮಸ್ಕಾರ ಹೇಳಿ.

ಬ್ಯಾಣದ_ಬದಿ

ಮಳೆ ಮುಗಿದ ಮೇಲೆ ಧರೆ ಓರೆ ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿದ್ರೆ ಲಾವಂಚ ನೆಡಿ. ಬೇರು ಆರೇಳು ಅಡಿ ನೇರ ಕೆಳಗೆ ಹೋಗುತ್ತೆ. ನಮ್ಮಲ್ಲಿ ಬೇಕಾದಷ್ಟು ಬುಡ ಇದೆ, ನಾನಿರೋದು ರಿಪ್ಪನ್‌ಪೇಟೆ ಹತ್ತಿರ.

ರಸಮಟ್ಟ

ಲಾವಂಚ ಒಳ್ಳೇದು, ಮೇಲ್ಮಣ್ಣು ಕೊಚ್ಚದ ಹಾಗೆ ಹಿಡಿಯುತ್ತೆ. ಆದರೆ ಆಳದಲ್ಲಿ ಜಾರ್ತಿದ್ದರೆ ಅದು ಹಿಡಿಯಲ್ಲ, ಲಾವಂಚ ಸಮೇತ ಜಾರುತ್ತೆ. ಮೊದಲು ಇಳಿಜಾರು, ಆಮೇಲೆ ನೀರಿನ ದಾರಿ, ಹುಲ್ಲು ಕೊನೆಗೆ.

ಹೊಸಮನೆ_ಮಾಣಿ

ಕಂಟ್ರಾಕ್ಟರ್‌ಗೆ ಬೇಡ ಅಂದೆ, ಬೇಜಾರು ಮಾಡ್ಕೊಂಡರು. ಅರ್ಜಿ ಕೊಟ್ಟಾಯ್ತು, ಸಹಿ ಹಾಕಿಸ್ಕೊಂಡು ಬಂದೆ. ಮಂಗಳವಾರ 63.3, ಬುಧವಾರ 63.3. ಎರಡು ದಿನ ಬಿಸಿಲು ಬಂತು.

ನಾನು ವಾಪಸ್ ಬೆಂಗಳೂರಲ್ಲಿದ್ದೇನೆ. ಅಳತೆ ಅಪ್ಪಯ್ಯನದ್ದು. ದಿನಕ್ಕೊಂದು ಸಲ ಅಂದಿದ್ದೆ, ಮೂರು ಸಲ ಅಳೀತಿದ್ದಾರೆ. ಹಾಲಿನ ಡೈರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೀತಾರೆ. ಪಕ್ಕದ ಮನೆಯವರ ಧರೆಗೂ ಹೋಗಿ ಗೂಟ ಹೊಡೆದು ಬಂದಿದ್ದಾರಂತೆ.

ಮಘೆ_ಮಳೆ

ಅಲ್ಲೆಷ್ಟು ಬಂತು?

ಹೊಸಮನೆ_ಮಾಣಿ

58.5. ನಾಳೆ ಮತ್ತೆ ಅಳೀತಾರಂತೆ. @ಬ್ಯಾಣದ_ಬದಿ, ಲಾವಂಚದ ಬುಡ ಡಿಸೆಂಬರ್‌ಗೆ ಕಾದಿರಿಸ್ತೀರಾ? ಅಪ್ಪಯ್ಯನೇ ಬರ್ತಾರಂತೆ ತಗೊಳ್ಳೋಕೆ.